ಬಡ್ಡಿ ದುಡ್ಡಲ್ಲೇ ತಿಂಗಳುಗಟ್ಟಲೆ ತಿರುಗಾಟ: ಉಡುಪಿಯಿಂದ ಋಷಿಕೇಶಕ್ಕೆ ಹೊರಡುವ ಹಿರಿಯರಿಗೆ

ರಿಟೈರ್ ಆದ್ಮೇಲೆ ತಿಂಗಳುಗಟ್ಟಲೆ ಊರು ಬಿಟ್ಟು ಇರ್ಲಿಕ್ಕೆ ಹಣ ಎಲ್ಲಿಂದ ಅಂತ ಉಡುಪಿಯಲ್ಲಿ ಸಿಕ್ಕಿದವರೆಲ್ಲ ಕೇಳ್ತಾರೆ, ಹಾಗಾಗಿ ಋಷಿಕೇಶದಲ್ಲಿ ಇರ್ಲಿಕ್ಕೆ ನಾವು ಗಂಡ ಹೆಂಡತಿ ಹೇಗೆ ಮಾಡಿದ್ದು ಅಂತ ಬರೀತಿದ್ದೇನೆ. ಮುಖ್ಯ ಮಾತು ಒಂದೇ, ಅಸಲು ಹಣಕ್ಕೆ ಕೈ ಹಾಕ್ಬೇಡಿ. ಎಫ್‌ಡಿ ಮುರಿದು ಟೂರ್ ಪ್ಯಾಕೇಜ್‌ಗೆ ಕಟ್ಟುವವರನ್ನು ಕಂಡಾಗ ನನಗೆ ನಿಜವಾಗಿ ಹೊಟ್ಟೆ ಉರೀತದೆ, ಹತ್ತು ದಿನದ ಓಡಾಟಕ್ಕೆ ವರ್ಷಗಟ್ಟಲೆ ಕೂಡಿಟ್ಟದ್ದು ಹೋಗ್ತದೆ.

ಪಿಎಫ್, ಗ್ರಾಚ್ಯುಟಿಯಲ್ಲಿ ದೊಡ್ಡ ಪಾಲನ್ನು ನಾವು ಪೋಸ್ಟ್ ಆಫೀಸಿನ ಸೀನಿಯರ್ ಸಿಟಿಜನ್ ಸ್ಕೀಮಿಗೆ ಹಾಕಿದೆವು. 2023ರ ಏಪ್ರಿಲ್‌ನಿಂದ ಒಬ್ಬರಿಗೆ 30 ಲಕ್ಷದವರೆಗೆ ಇಡ್ಲಿಕ್ಕೆ ಆಗ್ತದೆ, ನಾವು ಇಟ್ಟಾಗ ಬಡ್ಡಿ 8.2, ಇಟ್ಟ ದಿನದ ರೇಟೇ ಐದು ವರ್ಷಕ್ಕೂ. ಪೂರ್ತಿ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 61,500 ಬರ್ತದೆ, ಅಷ್ಟು ಇಲ್ಲದವರು 10 ಲಕ್ಷ ಇಟ್ರೂ 20,500 ಉಂಟಲ್ಲ. ಪೆನ್ಶನ್ ಮನೆಖರ್ಚಿಗೆ, ಈ ಬಡ್ಡಿ ತಿರುಗಾಟಕ್ಕೆ, ಎರಡನ್ನೂ ಬೇರೆ ಬೇರೆ ಅಕೌಂಟಲ್ಲೇ ಇಡಿ. ಎತ್ತದೆ ಬಿಟ್ಟ ಬಡ್ಡಿಗೆ ಮತ್ತೆ ಬಡ್ಡಿ ಬರುದಿಲ್ಲ, ಆದ್ದರಿಂದ ಸೇವಿಂಗ್ಸ್ ಖಾತೆಗೆ ತಾನಾಗಿ ಬೀಳುವ ಹಾಗೆ ಮೊದಲೇ ಬರೆದು ಕೊಡಿ. ಟ್ಯಾಕ್ಸ್ ಬಾರದವರು ಬಡ್ಡಿಯಲ್ಲಿ ಟ್ಯಾಕ್ಸ್ ಹಿಡೀಬೇಡಿ ಅಂತ ಹೇಳುವ ಫಾರ್ಮನ್ನು (ನಾವು ಕೊಡುವಾಗ ಅದು 15ಎಚ್) ಏಪ್ರಿಲ್‌ನಲ್ಲೇ ಕೊಟ್ಟುಬಿಡಿ, ಇಲ್ಲದಿದ್ರೆ ಟಿಡಿಎಸ್ ಕಟ್ಟಾಗಿ ಆಮೇಲೆ ರಿಟರ್ನ್ ಹಾಕಿ ವಾಪಸ್ ತೆಗೀಬೇಕು.

ಬಡ್ಡಿ ಬೀಳುದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಒಂದನೇ ತಾರೀಕಿಗೆ. ರೈಲ್ವೆ ಬುಕಿಂಗ್ ಈಗ 60 ದಿನ ಮೊದಲು ಮಾತ್ರ ಓಪನ್ ಆಗುದಾದ್ದರಿಂದ ಜನವರಿ ಬಡ್ಡಿಯಲ್ಲಿ ಫೆಬ್ರವರಿ ಕೊನೆಯ ಟಿಕೆಟ್ ಮಾಡುದು ನಮಗೆ ಸರಿಯಾಗ್ತದೆ, ಆಗ ಋಷಿಕೇಶದಲ್ಲಿ ಚಳಿಯೂ ಇಳಿದಿರ್ತದೆ, ಚಾರ್‌ಧಾಮ್ ಸೀಸನ್ನಿನ ಜನವೂ ಇರುದಿಲ್ಲ. ಉಡುಪಿಯಿಂದ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ಸಲ್ಲಿ ಸೀದಾ ಡೆಲ್ಲಿಯ ನಿಜಾಮುದ್ದೀನ್, ಅಲ್ಲಿಂದ ಋಷಿಕೇಶದ ಹತ್ತಿರದ ಹರಿದ್ವಾರಕ್ಕೆ ಟ್ರೈನು ಬಸ್ಸು ಬೇಕಾದಷ್ಟು. ಹಿರಿಯರ ಟಿಕೆಟ್ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು, ಅದನ್ನು ಲೆಕ್ಕಕ್ಕೆ ಹಿಡೀಬೇಡಿ. ಲೋವರ್ ಬರ್ತ್ ಕೋಟಾ ಮಾತ್ರ ಉಂಟು, ಆದ್ರೆ ಒಂದು ಟಿಕೆಟಲ್ಲಿ ಇಬ್ಬರಿಗಿಂತ ಹೆಚ್ಚಿದ್ರೆ ಅದು ಸಿಗುದಿಲ್ಲ, ನಾಲ್ಕು ಜನ ಹೋಗುದಾದ್ರೆ ಎರಡು ಟಿಕೆಟ್ ಮಾಡಿಸಿ.

ನಿಜವಾದ ಉಳಿತಾಯ ಆಗುದು ರೂಮಲ್ಲಿ. ಹೋಟೆಲಿಗೆ ದಿನದ ಬಾಡಿಗೆ ಕೊಡ್ತಾ ಹೋದ್ರೆ ಯಾವ ಬಡ್ಡಿಯೂ ಸಾಕಾಗುದಿಲ್ಲ. ಮೊದಲ ಎರಡು ಮೂರು ದಿನ ಧರ್ಮಶಾಲೆಯಲ್ಲಿ ಇದ್ದು, ನಡೆದು ಹೋಗಿ ಮನೆ ನೋಡಿ, ತಿಂಗಳ ಬಾಡಿಗೆ ಮಾತಾಡಿ, ಅಡಿಗೆಮನೆ ಇರುದೇ ಹಿಡೀರಿ. ನಮ್ಮದು ಮಹಡಿ ಮೇಲಿನ ಒಂದು ಕೋಣೆ, ಮೂಲೆಯಲ್ಲಿ ಕಡಪ ಕಲ್ಲು, ಒಂದೇ ಬರ್ನರಿನ ಒಲೆ, ಕಿಟಕಿ ತೆಗೆದ್ರೆ ಎದುರು ಮನೆಯ ಅಜ್ಜಿ ಹಪ್ಪಳ ಒಣಗಿಸುದು ಕಾಣ್ತಿತ್ತು. ಊರಿಂದ ಕುಚ್ಚಲಕ್ಕಿ, ಸಾರಿನ ಪುಡಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿದ್ದೆವು, ಕುಕ್ಕರಲ್ಲಿ ಗಂಜಿ ಮಾಡಿ ಉಂಡು ಇವರು ನದಿ ಕಡೆ ನಡೀಲಿಕ್ಕೆ ಹೋಗುದು, ನಾನು ಪೇಟೆಗೆ. ಹೊರಗಿನ ಊಟ ದಿನಕ್ಕೆ ಒಂದೇ ಹೊತ್ತು ಅಂತ ಇಟ್ಟುಕೊಂಡದ್ದಕ್ಕೆ ಹೊಟ್ಟೆಯೂ ಕೆಡಲಿಲ್ಲ.

ಮದ್ದಿಗೆ ಬೇರೆ ಹಣ ಇಡಿ, ತಿರುಗಾಟದ ಅಕೌಂಟಿಂದ ಅದನ್ನು ತೆಗೀಲೇಬೇಡಿ. ಬಿಪಿ, ಶುಗರ್ ಮಾತ್ರೆಯ ಜೆನೆರಿಕ್ ಹೆಸರು (ಕಂಪನಿಯದ್ದಲ್ಲ, ಮದ್ದಿನದ್ದೇ ಹೆಸರು) ಬರೆಸಿಕೊಂಡು ಹೋದ್ರೆ ಜನೌಷಧಿ ಅಂಗಡಿಯಲ್ಲಿ ತುಂಬಾ ಕಮ್ಮಿಗೆ ಸಿಗ್ತದೆ. 70 ತುಂಬಿದವರು ಆಯುಷ್ಮಾನ್ ಕಾರ್ಡ್ ಮಾಡಿಸಿ, ವರ್ಷಕ್ಕೆ ಮನೆಗೆ 5 ಲಕ್ಷದವರೆಗೆ ಕವರ್ ಉಂಟು, ಆದಾಯದ ಪ್ರಶ್ನೆ ಇಲ್ಲ. ಯಾವ ಆಸ್ಪತ್ರೆಯಲ್ಲಿ ನಡೀತದೆ ಅಂತ ಹೋದ ದಿನವೇ ವಿಚಾರಿಸಿ ಇಟ್ಕೊಳ್ಳಿ.

ನವೆಂಬರಲ್ಲಿ ತಿರುಗುವವರು ಪೆನ್ಶನಿನ ಲೈಫ್ ಸರ್ಟಿಫಿಕೇಟಿಗೆ ಊರಿಗೆ ಓಡಿ ಬರ್ಬೇಕಂತ ಇಲ್ಲ, ಜೀವನ್ ಪ್ರಮಾಣ್ ಆ್ಯಪಲ್ಲಿ ಮುಖ ತೋರಿಸಿದ್ರೆ ಆಗ್ತದೆ. ಬೆಳಕಿಗೆ ಮುಖ ಮಾಡಿ ಕೂತ್ಕೊಳ್ಳಿ, ಆಧಾರ್ ಲಿಂಕ್ ಆದ ನಂಬರಿನ ಸಿಮ್ ರಿಚಾರ್ಜ್ ನಿಲ್ಲಿಸ್ಬೇಡಿ.

ಮನೆ ವಿಷಯ. ಮಳೆಗಾಲದಲ್ಲಿ ನಮ್ಮ ಕಡೆ ಮನೆ ಬಾಗಿಲು ಹಾಕಿ ಹೋದ್ರೆ ಸೀರೆಯಿಂದ ಹಿಡಿದು ಮರದ ಮಂಚದವರೆಗೆ ಬೂಷ್ಟು, ಆದ್ದರಿಂದ ಜೂನ್ ಒಳಗೆ ವಾಪಸ್ ಬನ್ನಿ. ಮಣಿಪಾಲದ ಹತ್ತಿರ ಮನೆ ಇರುವವರು ಮಹಡಿಯನ್ನು 11 ತಿಂಗಳ ಅಗ್ರಿಮೆಂಟಲ್ಲಿ ಬಾಡಿಗೆಗೆ ಕೊಟ್ಟು ಹೋದ್ರೆ ಕಾವಲೂ ಆಯ್ತು, ಆ ದುಡ್ಡಲ್ಲಿ ಋಷಿಕೇಶದ ಕೋಣೆಯ ಬಾಡಿಗೆಯೂ ಕಳೀತದೆ.