ಮೂರನೆಯ ಸಾಲಿಗೆ ಅದೇ ಪುಟದಲ್ಲಿ ಜಾಗ

ನಮ್ಮ ಭಾಗದ ಸಣ್ಣ ಪ್ರಕಾಶನವೊಂದು ಈಚೆಗೆ ಹೊರತಂದ ಎರಡು ಕವನ ಸಂಕಲನಗಳನ್ನೂ ನೇಕಾರಿಕೆಯ ಕುರಿತ ಒಂದು ಕಲಾಪುಸ್ತಕವನ್ನೂ ಇಲ್ಲಿ ವಿಜಯಪುರದಲ್ಲಿ ತರಿಸಿಕೊಂಡು ಓದಿದೆ. ಕವಿತೆಯ ಪುಸ್ತಕ ಬಂದಾಗ ನಾವು ಕವಿಯನ್ನು ಹೊಗಳುತ್ತೇವೆ, ಇಲ್ಲವೇ ತೆಗಳುತ್ತೇವೆ. ಪ್ರಕಾಶಕರ ಕೆಲಸದ ಮಾತು ಮುಖಪುಟ ಚೆನ್ನಾಗಿದೆ ಎನ್ನುವಲ್ಲಿಗೆ ಮುಗಿದುಹೋಗುತ್ತದೆ. ಈ ಮೂರು ಪುಸ್ತಕಗಳಲ್ಲಿ ಒಳಗಿನ ಬರಹದಷ್ಟೇ ಪುಟ ಕಟ್ಟಿದ ಬಗೆಯೂ ಚರ್ಚೆಗೆ ಯೋಗ್ಯವಾಗಿದೆ.

ಮೊದಲ ಸಂಕಲನದ ಕವಿ ತ್ರಿಪದಿಯನ್ನು ಇಂದಿನ ಮಾತಿಗೆ ಒಗ್ಗಿಸಲು ಹೊರಟವರು. ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 1,300 ವರ್ಷಗಳ ಹಿಂದೆಯೇ ತ್ರಿಪದಿ ಕಾಣಿಸಿಕೊಂಡಿದೆ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಎಂಬ ಜನಪದ ತ್ರಿಪದಿಗಳ ಸಂಗ್ರಹದ ಲಯ ಈ ಸೀಮೆಯವರಿಗೆ ಇವತ್ತಿಗೂ ಪರಿಚಿತ. ಇಂಥ ಕಡೆ ಹೊಸ ಕವಿಯೊಬ್ಬ ಆ ಲಯಕ್ಕೆ ಕೈಹಾಕಿದರೆ ಓದುಗನಿಗೆ ಮೊದಲು ಕೇಳಿಸುವುದು ಹಳೆಯ ಹಾಡೇ. ಇವರು ಆ ತೊಡಕನ್ನು ಜಾಣತನದಿಂದ ದಾಟಿದ್ದಾರೆ: ಮೊದಲೆರಡು ಸಾಲುಗಳಲ್ಲಿ ಬೀಸುವ ಹಾಡಿನ ಧಾಟಿಯನ್ನು ಹಿಡಿದು, ಮೂರನೆಯದರಲ್ಲಿ ಬ್ಯಾಂಕಿನ ಸರದಿಯಲ್ಲೋ ಬಸ್ ನಿಲ್ದಾಣದಲ್ಲೋ ಕೇಳುವಂಥ ಒಣ ಮಾತೊಂದನ್ನು ಥಟ್ಟನೆ ತರುತ್ತಾರೆ. ಆದರೆ ಪದ್ಯದಡಿ ಪದ್ಯ ಒತ್ತಿ ಜೋಡಿಸಿದ್ದರಿಂದ ಹಲವೆಡೆ ಎರಡು ಸಾಲು ಪುಟದ ಅಡಿಯಲ್ಲಿ ಉಳಿದು, ಮೂರನೆಯದು ಹಾಳೆಯ ಆಚೆ ಬದಿಗೆ ಹೋಗಿದೆ. ಪದ್ಯದ ಕಸುವೆಲ್ಲ ಕೊನೆಯ ಸಾಲಿನಲ್ಲಿರುವಾಗ, ಹಾಳೆ ತಿರುವುವಷ್ಟರಲ್ಲಿ ಆ ಥಟ್ಟನೆಯ ಬೆರಗು ಸತ್ತೇಹೋಗುತ್ತದೆ.

ಇದಕ್ಕೆ ಕಾರಣ ಲೆಕ್ಕಾಚಾರ. ಡೆಮಿ 1/8 ಎಂಬ ಪುಸ್ತಕದಳತೆಯಲ್ಲಿ 16 ಪುಟಕ್ಕೊಂದು ಫಾರ್ಮಿನಂತೆ (ಒಟ್ಟಿಗೆ ಅಚ್ಚಾಗಿ ಮಡಿಸುವ ಪುಟಗಳ ಕಂತೆಯೇ ಫಾರ್ಮು) ಆರು ಫಾರ್ಮಿಗೆ 96 ಪುಟಗಳಾಗುತ್ತವೆ. ಏಳನೆಯ ಫಾರ್ಮಿಗೆ ಹೋದರೆ ಕಾಗದದ ಖರ್ಚೂ ಮುದ್ರಣದ ಖರ್ಚೂ ಏರುತ್ತವೆ. ಈ ಇಕ್ಕಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇದೇ ಪುಸ್ತಕದಲ್ಲಿ ಮುನ್ನುಡಿ, ಹಾರೈಕೆ, ಕವಿಯ ಮಾತು, ಪ್ರಕಾಶಕರ ಮಾತು ಎಂದು ಹೆಚ್ಚುಕಡಿಮೆ ಒಂದು ಫಾರ್ಮು ಗದ್ಯಕ್ಕೇ ಸಂದಿದೆ. ಮುಂದೆ ಬರುವ ಪದ್ಯಗಳ ಅರ್ಥವನ್ನು ಮೊದಲೇ ಬಿಡಿಸಿಟ್ಟು ಓದುಗನ ಪಾಲನ್ನೂ ಉಣ್ಣುವ ಆ ಮುನ್ನುಡಿಯನ್ನು ಕೈಬಿಟ್ಟಿದ್ದರೆ (ಬರೆದವರು ಬೇಸರಿಸಿಕೊಳ್ಳುತ್ತಿದ್ದರು, ಅದು ಬೇರೆ ಮಾತು) ತ್ರಿಪದಿಗಳು ಉಸಿರಾಡುತ್ತಿದ್ದವು.

ಎರಡನೆಯ ಸಂಕಲನದಲ್ಲಿ ಪುಟಕ್ಕೊಂದೇ ಕವಿತೆ, ಅಚ್ಚುಕಟ್ಟಾದ ಜೋಡಣೆ. ಕವಿತೆಗಳು ಮಾತ್ರ ಎಲ್ಲವೂ ಒಂದೇ ಏರುದನಿಯವು. ಅರ್ಧದಷ್ಟನ್ನು ತೆಗೆದುಹಾಕುವ ಧೈರ್ಯವಿರುವ ಸಂಪಾದಕರು ಬೇಕಾಗಿದ್ದರು.

ಕಲಾಪುಸ್ತಕ ಇಳಕಲ್ಲ ಸೀರೆ, ಗುಳೇದಗುಡ್ಡದ ಕುಪ್ಪಸದ ಖಣಗಳನ್ನು ಕುರಿತದ್ದು. ಅದರಲ್ಲಿನ ಕಪ್ಪು ಶಾಯಿಯ ರೇಖಾಚಿತ್ರಗಳು ನಿಜಕ್ಕೂ ಶ್ರೇಷ್ಠವಾಗಿವೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದೆಳೆಗಳು) ಬೇರೆ, ಸೆರಗಿನ ಹಾಸು ಬೇರೆ; ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಕೂಡಿಸುತ್ತಾರೆ. ಆ ಕುಣಿಕೆಗಳನ್ನೇ ಕಲಾವಿದೆ ಎರಡು ಪುಟಗಳ ಉದ್ದಕ್ಕೂ ದೊಡ್ಡದಾಗಿ ಬರೆದಿದ್ದಾರೆ. ಹೊಲಿಗೆಯಿಲ್ಲದೆ ಬರಿ ಅಂಟು ಹಾಕಿದ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳದ ಕಾರಣ, ಚಿತ್ರದ ಜೀವವಾದ ಕೂಡುಜಾಗವೇ ಬೆನ್ನಿನ ಮಡಿಕೆಯೊಳಗೆ ಹೂತುಹೋಗಿದೆ. ಬಣ್ಣದ ಛಾಯಾಚಿತ್ರಗಳನ್ನು ಹೊಳಪಿನ ಲೇಪವಿಲ್ಲದ ಮ್ಯಾಪ್‌ಲಿಥೊ ಕಾಗದದ ಮೇಲೆ ಅಚ್ಚು ಹಾಕಿದ್ದರಿಂದ ಕಾಗದ ಶಾಯಿಯನ್ನು ಹೀರಿಕೊಂಡು, ಸೆರಗಿನ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಛಾಯಾಚಿತ್ರಗಳನ್ನು ಬಿಟ್ಟು, ಆ ಹಣವನ್ನು ಹೊಲಿಗೆ ಬೈಂಡಿಂಗಿಗೆ ಹಾಕಬಹುದಿತ್ತು.

ಫ.ಗು. ಹಳಕಟ್ಟಿಯವರು 1925ರಲ್ಲಿ ಇದೇ ಊರಿನಲ್ಲಿ ‘ಹಿತಚಿಂತಕ’ ಮುದ್ರಣಾಲಯ ಆರಂಭಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಡಿಸಿ, ವಚನಗಳ ಪ್ರಕಟಣೆಗಾಗಿ ಮನೆಯನ್ನೇ ಮಾರಿದವರು. ಅಚ್ಚಿನ ಮನೆ ಸ್ವಂತದ್ದಾಗಿದ್ದರೆ ಕರಡಚ್ಚನ್ನು ಕೈಯಲ್ಲಿ ಹಿಡಿದು ತಿದ್ದಿಸಬಹುದು. ಇಂದಿನ ಸಣ್ಣ ಪ್ರಕಾಶಕರಿಗೆ ಅಕ್ಷರ ಜೋಡಣೆ ಒಂದೂರು, ಮುದ್ರಣ ಇನ್ನೊಂದೂರು. ಕರಡು ಮೊಬೈಲಿನ ತೆರೆಯ ಮೇಲೆ ಬರುತ್ತದೆ, ಅಲ್ಲಿ ಪುಟದ ಅಡಿ ಯಾವುದು, ತಲೆ ಯಾವುದು ಎಂಬುದೇ ತಿಳಿಯುವುದಿಲ್ಲ. ಒಂದೇ ಒಂದು ಪ್ರತಿಯನ್ನು ಕಾಗದದ ಮೇಲೆ ತೆಗೆಸಿ ನೋಡಿದ್ದರೂ ಮೇಲಿನ ಕೊರತೆಗಳು ಕಣ್ಣಿಗೆ ಬೀಳುತ್ತಿದ್ದವು.

ಇಷ್ಟಾದರೂ ಮೊದಲ ಸಂಕಲನವನ್ನು ಕೊಂಡು ಓದಬೇಕೆಂದೇ ಹೇಳುತ್ತೇನೆ. ಪುಸ್ತಕಗಳನ್ನು ಕಡಿಮೆ ದರದಲ್ಲಿ ಒಯ್ಯುತ್ತಿದ್ದ ನೋಂದಾಯಿತ ಪುಸ್ತಕ ಅಂಚೆ 2024ರ ಡಿಸೆಂಬರಿನಲ್ಲಿ ನಿಂತಾಗ ಇಂಥ ಪ್ರಕಾಶಕರು ಕಂಗೆಟ್ಟಿದ್ದರು. 2025ರ ಮೇ ತಿಂಗಳಿನಿಂದ ಅದರ ಜಾಗಕ್ಕೆ ಅಂಚೆ ಇಲಾಖೆಯ ‘ಜ್ಞಾನ್ ಪೋಸ್ಟ್’ ಬಂದಿದ್ದು, 300 ಗ್ರಾಂವರೆಗಿನ ಪುಸ್ತಕಕ್ಕೆ ತೆರಿಗೆ ಬಿಟ್ಟು 20 ರೂಪಾಯಿ ದರ ಗೊತ್ತುಪಡಿಸಿದ್ದಾರೆ, ಕವನ ಸಂಕಲನ ಅಷ್ಟರೊಳಗೇ ತೂಗುತ್ತದೆ. ಮರುಮುದ್ರಣವಾದರೆ ಪುಟಗಳನ್ನು ಹೊಸದಾಗಿ ಕಟ್ಟಿಸಬೇಕೆಂದು ಪ್ರಕಾಶಕರಿಗೆ ಬರೆದಿದ್ದೇನೆ, ಬನಹಟ್ಟಿಯ ಗೆಳೆಯನೊಬ್ಬನ ವಿಳಾಸಕ್ಕೆ ಇನ್ನೊಂದು ಪ್ರತಿ ಕಳಿಸಲು ಹಣವನ್ನೂ ಹಾಕಿದ್ದೇನೆ.