ಹೇಗ್ ನಗರದಲ್ಲಿ ಸುರಿನಾಮ್ ಊಟ

ನೆದರ್ಲ್ಯಾಂಡ್ಸ್‌ಗೆ ಬಂದ ಮೇಲೆ ಹೊರಗಡೆ ಊಟ ಅಂದರೆ ನನಗೆ ಬೇಜಾರು. ಬ್ರೆಡ್ಡು, ಚೀಸು, ಹಿಸುಕಿದ ಆಲೂಗಡ್ಡೆ, ಅಷ್ಟೇ. ನನ್ನ ಗೋಳು ಕೇಳಿ ಕೇಳಿ ಸಾಕಾಗಿ ಆಫೀಸಿನ ಗೆಳೆಯನೊಬ್ಬ ಒಂದು ಶನಿವಾರ ನಮ್ಮನ್ನು ಹೇಗ್‌ನ ಟ್ರಾನ್ಸ್‌ವಾಲ್ ಕಡೆ ಒಂದು ರೋಟಿ ಅಂಗಡಿಗೆ ಕರೆದುಕೊಂಡು ಹೋದ. ಅವನದು ಸುರಿನಾಮ್‌ನಿಂದ ಬಂದ ಹಿಂದೂಸ್ತಾನಿ ಕುಟುಂಬ. ಜೊತೆಗೆ ಹಾವೇರಿ ಕಡೆಯ ನನ್ನ ಸ್ನೇಹಿತ, ಅವನ ಹೆಂಡತಿ.

ಗೋಡೆ ಮೇಲಿನ ಮೆನು ನೋಡಿದರೆ ತಲೆಬುಡ ಗೊತ್ತಾಗಲಿಲ್ಲ. ರೋಟಿ ಪಕ್ಕದಲ್ಲೇ ಬಾಮಿ ಅನ್ನುವ ನೂಡಲ್ಸ್, ನಾಸಿ ಅನ್ನುವ ಹುರಿದ ಅನ್ನ, ಸಾವೊತೊ ಅನ್ನುವ ಕೋಳಿ ಸೂಪು. ಒಂದೇ ಅಂಗಡಿಯಲ್ಲಿ ಇಷ್ಟೆಲ್ಲ ಯಾಕಯ್ಯಾ ಅಂದೆ. "ಹಡಗು ಬಂದ ಹಾಗೆಲ್ಲ ಅಡುಗೆ ಸೇರುತ್ತಾ ಹೋಯಿತು" ಅಂದ. ಸುರಿನಾಮ್ ದಕ್ಷಿಣ ಅಮೆರಿಕದಲ್ಲಿದ್ದ ಡಚ್ಚರ ವಸಾಹತು. ಆಫ್ರಿಕಾದಿಂದ ಹಿಡಿದು ತಂದವರನ್ನು ತೋಟಗಳಲ್ಲಿ ದುಡಿಸಿದರು. 1863ರಲ್ಲಿ ಗುಲಾಮಗಿರಿ ರದ್ದಾಯಿತು, ಆದರೂ ಇನ್ನೂ ಹತ್ತು ವರ್ಷ ಅವರು ತೋಟ ಬಿಟ್ಟು ಹೋಗುವ ಹಾಗಿರಲಿಲ್ಲ. ಆ ಹತ್ತು ವರ್ಷ ಮುಗಿಯುವ ಹೊತ್ತಿಗೆ, 1873ರ ಜೂನ್ 5ರಂದು, ಕಲ್ಕತ್ತಾದಿಂದ ಲಾಲಾ ರೂಖ್ ಹಡಗು ಬಂತು. 1916ರವರೆಗೆ ಸುಮಾರು 34 ಸಾವಿರ ಜನ ಹೀಗೆ ಕೂಲಿ ಕರಾರಿನ ಮೇಲೆ ಬಂದರು, ಜಾಸ್ತಿ ಜನ ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಚೀನೀಯರು ಅದಕ್ಕೂ ಮೊದಲೇ ಬಂದಿದ್ದರು, ಜಾವಾದವರು 1890ರಿಂದ. 1975ರಲ್ಲಿ ಸ್ವಾತಂತ್ರ್ಯ ಬರುವ ಹೊತ್ತಿಗೆ ಸಾವಿರಾರು ಜನ ನೆದರ್ಲ್ಯಾಂಡ್ಸ್‌ಗೆ ಬಂದು ನೆಲೆಸಿದರು. ಗೆಳೆಯನ ಅಜ್ಜಿಯೂ ಆಗಲೇ ಬಂದಿದ್ದಂತೆ.

ಮೊದಲು ಬಂದಿದ್ದು ಬಾರಾ. ಉದ್ದಿನ ಹಿಟ್ಟು, ಮಧ್ಯೆ ತೂತು. ನಮ್ಮ ಉದ್ದಿನ ವಡೆಯೇ ಅಲ್ವಾ ಅಂತ ಮುರಿದೆ. ಅಷ್ಟು ಗರಿಗರಿ ಇಲ್ಲ, ಮೈದಾ ಸೇರಿಸುತ್ತಾರೆ, ಹಾಗಾಗಿ ಮೆತ್ತಗೆ, ಎಳೆದರೆ ಬನ್ ಥರ ಬಿಡುತ್ತದೆ. ಒಳಗೆ ಜೀರಿಗೆ, ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಕೆಸುವಿನ ಜಾತಿಯ ಸೊಪ್ಪು. ಹುಳಿ-ಖಾರದ ಚಟ್ನಿ ಜೊತೆ ತಿಂದೆ, ನನಗಂತೂ ಅವತ್ತಿನ ಊಟದಲ್ಲಿ ಇದೇ ಇಷ್ಟವಾಯಿತು.

ಆಮೇಲೆ ರೋಟಿ. ತಟ್ಟೆಯಷ್ಟೇ ಅಗಲ, ನಾಲ್ಕು ಮಡಿಕೆ ಮಡಚಿ ಇಟ್ಟಿದ್ದರು. ಬಿಡಿಸಿದರೆ ಪದರದ ಮಧ್ಯೆ ಬೇಯಿಸಿ ಪುಡಿ ಮಾಡಿದ ಹಳದಿ ಬೇಳೆ ಉದುರುತ್ತದೆ. ಪಕ್ಕದಲ್ಲಿ ಮಸಾಲೆ ಕೋಳಿ, ಆಲೂಗಡ್ಡೆ, ಉದ್ದನೆ ಅಲಸಂದೆ ಕಾಯಿಯ ಪಲ್ಯ, ಗೊಜ್ಜಿನಲ್ಲೇ ಬೆಂದ ಇಡೀ ಮೊಟ್ಟೆ. ಸ್ನೇಹಿತನ ಹೆಂಡತಿ ಮಾಂಸ ತಿನ್ನುವುದಿಲ್ಲ, ಅವರಿಗೆ ಕೋಳಿ ಬದಲು ಸಿಹಿಕುಂಬಳ ಬಂತು. ಎಲ್ಲರೂ ಕೈಯಲ್ಲೇ ತಿನ್ನುತ್ತಿದ್ದರು. ಪಕ್ಕದ ಟೇಬಲಿನ ಬಿಳಿಯ ಡಚ್ ಅಜ್ಜ ಕೂಡ ಬೆರಳು ಚೀಪುತ್ತಿದ್ದ. ರುಚಿ ಉತ್ತರ ಭಾರತದ ಹೋಟೆಲಿನದಲ್ಲ. ಕೆನೆ ಇಲ್ಲ, ಟೊಮೆಟೊ ಹುಳಿ ಕಡಿಮೆ, ಹುರಿದ ಜೀರಿಗೆಯ ವಾಸನೆ ಮುಂದೆ. ಇದನ್ನು 'ಇಂಡಿಯನ್ ಫುಡ್' ಅಂತ ಕರೆದರೆ ಅಷ್ಟು ವರ್ಷ ಅಲ್ಲಿ ಬೇರೆಯೇ ಆಗಿ ಬೆಳೆದ ಅಡುಗೆಗೆ ಅನ್ಯಾಯ ಅಂತ ನನ್ನ ಅನಿಸಿಕೆ.

ಪೋಮ್ ಒಂದು ಪ್ಲೇಟ್ ಹಂಚಿಕೊಂಡೆವು. ಕೆಸುವಿನ ಸಂಬಂಧಿ ಗೆಡ್ಡೆಯೊಂದನ್ನು ತುರಿದು, ಕಿತ್ತಳೆ ರಸ ಹಾಕಿ, ಮಧ್ಯೆ ಕೋಳಿ ಇಟ್ಟು ಓವನ್‌ನಲ್ಲಿ ಬೇಯಿಸುವುದು. ಹುಟ್ಟುಹಬ್ಬಕ್ಕೆ ಪೋಮ್ ಇರಲೇಬೇಕಂತೆ. ಯಹೂದಿ ತೋಟದ ಮಾಲೀಕರ ಮನೆಯಿಂದ ಆಫ್ರಿಕಾ ಮೂಲದವರ ಅಡುಗೆಗೆ ಬಂದದ್ದು ಅನ್ನುತ್ತಾರೆ. ಸಿಹಿ, ಹುಳಿ ಎರಡೂ ಇರುವ ಕೋಳಿ ನನಗೆ ಹಿಡಿಸಲಿಲ್ಲ, ಸ್ನೇಹಿತ ಮಾತ್ರ ತಟ್ಟೆ ಖಾಲಿ ಮಾಡಿದ.

ಅವನದೇ ಕೊನೇ ತಮಾಷೆ. ಮದಾಮ್ ಜಾನೆಟ್ ಅನ್ನುವ ಹಳದಿ ಮೆಣಸಿನಕಾಯಿ ಇದೆ. ಅಡುಗೆಯಲ್ಲಿ ಒಡೆಯದ ಹಾಗೆ ಇಡಿಯಾಗಿ ಹಾಕಿ ಘಮ ಮಾತ್ರ ತೆಗೆಯುತ್ತಾರೆ. ಅದರ ಚಟ್ನಿ ಟೇಬಲ್ ಮೇಲಿತ್ತು. "ಜೋಪಾನ" ಅಂದ ಗೆಳೆಯ. "ನಾವು ಬ್ಯಾಡಗಿ ಕಡೆಯವರು ಮಾರಾಯ" ಅಂತ ಇವನು ಒಂದು ಚಮಚ ರೋಟಿಗೆ ಬಳಿದುಕೊಂಡ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿದ್ದು ಬಣ್ಣಕ್ಕೆ, ಖಾರಕ್ಕಲ್ಲ ಅಂತ ಹೇಳುವಷ್ಟರಲ್ಲಿ ಮುಖ ಕೆಂಪಗಾಗಿತ್ತು. ತೆಂಗಿನ ಹಾಲಿನ ಗುಲಾಬಿ ಬಣ್ಣದ ದಾವೆತ್ ಎರಡು ಲೋಟ ಕುಡಿದ. ಬಿಲ್ ಕೊಡುವಾಗ ನೋಡಿದರೆ ಅದೇ ಚಟ್ನಿಯ ಬಾಟಲಿ ಪಾರ್ಸೆಲ್ ಹೇಳುತ್ತಿದ್ದಾನೆ.