ಹಗ್ಗದಡಿಯ ಹಳೆಬಟ್ಟೆ

ಇಂದು ಬೆಳಿಗ್ಗೆ ನೀರು ಸೇದುವಾಗ ಹಗ್ಗ ಜಾರಿ ಅಂಗೈ ತರಚಿತು. ಬಟ್ಟೆ ಸುತ್ತಿಕೊಳ್ಳುತ್ತಿದ್ದಾಗ ನೆನಪಾದದ್ದು ಬೈಬಲಿನಲ್ಲಿರುವ ಪ್ರವಾದಿ ಯೆರೆಮೀಯನ ಗ್ರಂಥದ 38ನೆಯ ಅಧ್ಯಾಯ.

ದಂಡೆತ್ತಿ ಬಂದಿದ್ದ ಬಾಬೆಲಿನವರಿಗೆ ಶರಣಾದವರು ಬದುಕುವರೆಂಬ ದೇವರ ಮಾತನ್ನು ಇದ್ದದ್ದು ಇದ್ದಂತೆ ಹೇಳಿದ್ದಕ್ಕೆ, ಯೆರೂಸಲೇಮಿನ ಅಧಿಕಾರಿಗಳು ಆ ಪ್ರವಾದಿಯನ್ನು ನೀರಿಲ್ಲದ, ಬರೀ ಕೆಸರಿದ್ದ ಬಾವಿಗೆ ಹಗ್ಗದಿಂದ ಇಳಿಸಿದರು. ಅರಸನಾದ ಚಿದ್ಕೀಯನೋ, ಅವರನ್ನು ತಡೆಯುವ ಶಕ್ತಿ ತನಗಿಲ್ಲವೆಂದು ಸುಮ್ಮನಾದನು. (ಅರಸನ ಬಾಯಲ್ಲಿ ಎಂಥ ಮಾತು!)

ಮೇಲೆತ್ತಲು ಬಂದವನು ಸ್ವಜನರಲ್ಲಿ ಒಬ್ಬನಲ್ಲ, ಅರಮನೆಯಲ್ಲಿದ್ದ, ಈಜಿಪ್ಟಿನ ದಕ್ಷಿಣಕ್ಕಿದ್ದ ಕೂಷ್ ದೇಶದ ಎಬೆದ್ಮೆಲೆಕ. ಅವನು ಬರೀ ಹಗ್ಗ ತರಲಿಲ್ಲ; ಭಂಡಾರದ ಕೆಳಗಿನ ಕೋಣೆಯಿಂದ ಹರಕು ಬಟ್ಟೆಗಳನ್ನು ಹುಡುಕಿ ತಂದು ಬಾವಿಗಿಳಿಸಿ, ಹಗ್ಗ ಒತ್ತದಂತೆ ಅವನ್ನು ಕಂಕುಳಲ್ಲಿ ಇಟ್ಟುಕೊಳ್ಳಲು ಹೇಳಿದನು.

ನನ್ನ ಅಂಗೈ ಇನ್ನೂ ಉರಿಯುತ್ತಿದೆ.